ಟೇಪಿನ ಮೇಲೆ ಡೈನೋಸಾರ್: ಜಾತ್ರೆಯಲ್ಲಿ ಕೊಂಡ ಆದಿಕಾಲದ ಪ್ರಾಣಿಗಳ ಸೆಟ್ ಹೇಗಿದೆ?

ಈ ಸಲ ಬನಶಂಕರಿ ಜಾತ್ರೆಯಲ್ಲಿ ಮಗನಿಗೆ ಒಂದು ಆಟಿಕೆ ಸೆಟ್ ಕೊಡಿಸಿದೆ. ರಟ್ಟಿನ ಡಬ್ಬಿ, ಮುಂದುಗಡೆ ತೆಳು ಪ್ಲಾಸ್ಟಿಕ್ ಹಾಳೆ, ಒಳಗೆ ಹದಿನಾಲ್ಕು ಸಾಮಾನು. ಆರು ಡೈನೋಸಾರ್ ಥರದವು, ಮೈತುಂಬ ಕೂದಲಿನ ಆನೆ, ಕೋರೆಹಲ್ಲಿನ ಹುಲಿ, ಕೂದಲಿನ ಖಡ್ಗಮೃಗ, ಇಬ್ಬರು ಆದಿಮಾನವರು, ಎರಡು ಗಿಡ, ಒಂದು ಬೆಂಕಿ. ಅಂಗಡಿಯಣ್ಣ 350 ರೂಪಾಯಿ ಹೇಳಿದ. ಚೌಕಾಸಿ ಮಾಡಿ 280ಕ್ಕೆ ತಂದೆ. ಡಬ್ಬಿ ಮೇಲೆ ಮಾಡಿದವರ ಹೆಸರಿಲ್ಲ, ಊರಿಲ್ಲ. ಇಂಥವೇ ಡಬ್ಬಿಗಳನ್ನು ಬಾಗಲಕೋಟೆಯಲ್ಲೂ ನೋಡಿದೆ, ವಿಜಯಪುರದಲ್ಲೂ ನೋಡಿದೆ. ಹಾಗಾಗಿ ತಗೊಳ್ಳುವವರಿಗೆ ಉಪಯೋಗ ಆಗಲಿ ಅಂತ ಎರಡು ತಿಂಗಳು ಮನೆಯಲ್ಲಿ ಬಳಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ನಾನು ಗುಳೇದಗುಡ್ಡದಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಖಣದ ಕುಪ್ಪಸ ಜಾಸ್ತಿ. ಮಗನಿಗೆ ಏಳು ವರ್ಷ. ಅಪ್ಪ ನಮ್ಮ ಜೊತೆಗೇ ಇದ್ದಾರೆ, ಎಪ್ಪತ್ತು ದಾಟಿದೆ. ಮೊದಲು ಅವರು ಹೆಗಲಿಗೆ ಚೀಲ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಸವೆದು ನುಣುಪಾದ ಬೀಸುಕಲ್ಲು, ಒಳಕಲ್ಲಿಗೆ ಚಾಣ ಇಟ್ಟು ಹೊಡೆದು ಮತ್ತೆ ಒರಟು ಮಾಡಿಕೊಡುವ ಕೆಲಸ. ಅವರ ವಿಷಯ ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಸೆಟ್ಟಿನ ದೊಡ್ಡ ತಪ್ಪನ್ನು ಹಿಡಿದವರು ಅವರೇ.

ಮೊದಲು ಗಟ್ಟಿತನ. ಪ್ಲಾಸ್ಟಿಕ್ ಗಟ್ಟಿಯೇ ಇದೆ. ಮಾಳಿಗೆ ಮೇಲಿಂದ ಆನೆ ಎರಡು ಸಲ ಬಿತ್ತು, ಏನೂ ಆಗಲಿಲ್ಲ. ಪ್ರಾಣಿಗಳು ನೆಲದ ಮೇಲೆ ನೆಟ್ಟಗೆ ನಿಲ್ಲುತ್ತವೆ. ಎರಡು ಕಾಲಿನ ಟಿ ರೆಕ್ಸ್ ಕೂಡ ಬಾಲ ಊರಿಕೊಂಡು ನಿಲ್ಲುತ್ತದೆ. ಆದರೆ ಬಣ್ಣ ಚೆನ್ನಾಗಿಲ್ಲ. ಬಿಸಿ ನೀರಲ್ಲಿ ತೊಳೆದಾಗ ಹುಲಿಯ ಪಟ್ಟೆ ನನ್ನ ಬೆರಳಿಗೆ ಬಂತು. ಡಬ್ಬಿ ತೆಗೆದಾಗ ಒಂದು ಥರ ಸೀಮೆಎಣ್ಣೆ ವಾಸನೆ ಇತ್ತು, ಬಿಸಿಲಿಗೆ ಇಟ್ಟರೂ ಹೋಗಲು ನಾಲ್ಕು ದಿನ ಬೇಕಾಯಿತು. ಎರಡು ಅಚ್ಚು ಕೂಡುವ ಕಡೆ ಅಂಚು ಚೂಪಾಗಿದೆ, ಅದನ್ನು ಉಗುರು ಉಜ್ಜುವ ಅರದಿಂದ ಉಜ್ಜಿದೆ. ಐಎಸ್ಐ ಗುರುತು ಎಲ್ಲೂ ಕಾಣಲಿಲ್ಲ. ಆಟಿಕೆಗಳಿಗೆ 2021ರ ಜನವರಿ 1ರಿಂದ ಆ ಗುರುತು ಕಡ್ಡಾಯ. ಜಾತ್ರೆ ಗದ್ದಲದಲ್ಲಿ ನಾನು ನೋಡಲಿಲ್ಲ. ನೀವು ದಯವಿಟ್ಟು ನೋಡಿ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿದ್ದರೆ ಗುರುತಿಲ್ಲದ್ದು ಬೇಡವೇ ಬೇಡ.

ಪ್ರಾಣಿಗಳ ಆಕಾರ ಮಾತ್ರ ನಿಜಕ್ಕೂ ಚೆನ್ನಾಗಿದೆ. ಟ್ರೈಸೆರಾಟಾಪ್ಸಿಗೆ ಮೂರು ಕೊಂಬು ಸರಿಯಾಗಿ ಇವೆ, ಹಣೆಯ ಮೇಲೆ ಎರಡು ಉದ್ದ, ಮೂಗಿನ ಮೇಲೆ ಒಂದು ಗಿಡ್ಡ. ಸ್ಟೆಗೊಸಾರಸ್‌ನ ಬೆನ್ನ ಮೇಲಿನ ಹಲಗೆಗಳು ಒಂದರ ಪಕ್ಕ ಒಂದು ಜೋಡಿ ನಿಂತಿಲ್ಲ, ಹಿಂದು ಮುಂದು ಕೂತಿವೆ. ಅದೇ ಸರಿ. ಬಾಲದ ತುದಿಗೆ ನಾಲ್ಕು ಮುಳ್ಳೂ ಇವೆ. ಕೂದಲಿನ ಆನೆಯ ಕಿವಿ ಸಣ್ಣದು. ಚಳಿ ಸೀಮೆಯ ಪ್ರಾಣಿ, ಕಿವಿ ದೊಡ್ಡದಿದ್ದರೆ ಮೈಯ ಬಿಸಿ ಹೋಗಿಬಿಡುತ್ತದೆ. ಯಾರೋ ತಿಳಿದವರೇ ಅಚ್ಚು ಮಾಡಿದ್ದಾರೆ ಅನ್ನಿಸಿತು.

ಡಬ್ಬಿ ಮೇಲಿನ ಚಿತ್ರ ನೋಡಿದರೆ ಅದೆಲ್ಲ ಹಾಳಾಗುತ್ತದೆ. ಚಿತ್ರದಲ್ಲಿ ಚರ್ಮ ಉಟ್ಟ ಮನುಷ್ಯರು ಭರ್ಚಿ ಹಿಡಿದು ಟಿ ರೆಕ್ಸ್ ಅಟ್ಟಿಸಿಕೊಂಡು ಹೋಗುತ್ತಿದ್ದಾರೆ. ಪಕ್ಕದಲ್ಲಿ ಕೂದಲಿನ ಆನೆ ಮೇಯುತ್ತಿದೆ. ಮಗ ಅದನ್ನು ನೋಡಿ ಮೊದಲ ದಿನವೇ ಆದಿಮಾನವರನ್ನು ಡೈನೋಸಾರ್ ಬೆನ್ನ ಮೇಲೆ ಕೂರಿಸಿದ. ಆಟಕ್ಕೆ ಏನಾದರೂ ಆಡಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅವನು ಅದನ್ನೇ ನಿಜ ಅಂದುಕೊಂಡಿದ್ದ. ಶಾಲೆಯಲ್ಲಿ ಹೋಗಿ ಹೇಳಿಯೂ ಬಂದ. ಏಳು ವರ್ಷದ ಮಗು ಮೊದಲು ನೋಡಿದ ಚಿತ್ರ ಮನಸ್ಸಿನಿಂದ ಬೇಗ ಹೋಗುವುದಿಲ್ಲ ಅಲ್ವಾ? ನನಗೆ ಇದು ಬಣ್ಣ ಹೋಗುವುದಕ್ಕಿಂತ ದೊಡ್ಡ ತೊಂದರೆ ಅನ್ನಿಸಿತು.

ನನ್ನ ತಂಗಿ ವಿಜಯಪುರದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಅವಳಿಗೆ ಫೋನ್ ಮಾಡಿ ಒಂದೊಂದು ಪ್ರಾಣಿಯ ಫೋಟೋ ಕಳಿಸಿ, ಯಾವುದು ಯಾವಾಗಿನದು ಅಂತ ಬರೆದುಕೊಂಡೆ. ಕೋಟಿ, ಲಕ್ಷ ಅಂದರೆ ಮಗನಿಗೆ ಎರಡೂ ಒಂದೇ. ಏನು ಮಾಡುವುದು ಅಂತ ಯೋಚಿಸುವಾಗ ಕೊರಳಲ್ಲಿ ಟೇಪು ಇತ್ತು. ಹೊಲಿಗೆಯವರ ಟೇಪು 150 ಸೆಂಟಿಮೀಟರ್. ಅದನ್ನು ನೆಲಕ್ಕೆ ಹಾಸಿದೆ. ಒಂದು ಸೆಂಟಿಮೀಟರಿಗೆ ಹತ್ತು ಲಕ್ಷ ವರ್ಷ ಅಂತ ಲೆಕ್ಕ ಹಿಡಿದೆವು. ಟೇಪು ಶುರುವಾಗುವ ತುದಿ ಇವತ್ತು. ಅಲ್ಲಿ ಮಗನೇ ಕೂತ.

ಟಿ ರೆಕ್ಸ್ ಮತ್ತು ಟ್ರೈಸೆರಾಟಾಪ್ಸ್ 66ರ ಗೆರೆಗೆ ಬಂದವು. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ, ಅವೆರಡೂ ಕೊನೆಯ ಕಾಲದವು. ರೆಕ್ಕೆಯ ಟೆರನೊಡಾನ್ 85ರ ಹತ್ತಿರ. ಅದು ಡೈನೋಸಾರ್ ಅಲ್ಲ, ಹಾರುವ ಸರೀಸೃಪ. ಸ್ಟೆಗೊಸಾರಸ್ ಮತ್ತು ಉದ್ದ ಕುತ್ತಿಗೆಯ ಬ್ರಾಕಿಯೊಸಾರಸ್ 150ಕ್ಕೆ. ಅಲ್ಲಿಗೆ ಟೇಪೇ ಮುಗಿಯಿತು. ಮಗ ಎದ್ದು ನಿಂತು ನೋಡಿದ. ಟಿ ರೆಕ್ಸಿನಿಂದ ಅವನಿಗೆ 66 ಸೆಂಟಿಮೀಟರ್, ಟಿ ರೆಕ್ಸಿನಿಂದ ಸ್ಟೆಗೊಸಾರಸ್ಸಿಗೆ 84. ಅಂದರೆ ಆ ಎರಡು ಡೈನೋಸಾರ್‌ಗಳ ನಡುವಿನ ದೂರವೇ ನಮಗೂ ಟಿ ರೆಕ್ಸಿಗೂ ಇರುವ ದೂರಕ್ಕಿಂತ ಜಾಸ್ತಿ. ಇದನ್ನು ಬಾಯಲ್ಲಿ ಹೇಳಿದ್ದರೆ ನನಗೇ ನಂಬಲು ಕಷ್ಟ ಆಗುತ್ತಿತ್ತು. ನೆಲದ ಮೇಲೆ ಕಂಡಿತು.

ಬೆನ್ನ ಮೇಲೆ ಬೀಸಣಿಗೆಯಂಥ ಪಟ ಇರುವ ಇನ್ನೊಂದು ಉಳಿದಿತ್ತು, ಡೈಮೆಟ್ರೊಡಾನ್. ಅದೂ ಡೈನೋಸಾರ್ ಅಲ್ಲ. ಅವು ಹುಟ್ಟುವುದಕ್ಕಿಂತ ಮೊದಲೇ ಇದ್ದು ಹೋದದ್ದು, ಹತ್ತಿರ ಹತ್ತಿರ 28 ಕೋಟಿ ವರ್ಷದ ಹಿಂದಿನದು. ಸಂಬಂಧ ನೋಡಿದರೆ ಅದು ಡೈನೋಸಾರ್‌ಗಳಿಗಿಂತ ಹಾಲುಣಿಸುವ ಪ್ರಾಣಿಗಳಿಗೇ ಹತ್ತಿರ. ಎರಡನೇ ಟೇಪು ತಂದು ಜೋಡಿಸಬೇಕಾಯಿತು. ಎರಡನೇ ಟೇಪಿನ 130ಕ್ಕೆ ಇಟ್ಟಾಗ ಅದು ಹೊಸ್ತಿಲ ಹತ್ತಿರ ಹೋಗಿ ಕೂತಿತು. ಈಗಲೂ ಮಗ ಅದನ್ನು ಆಟ ಮುಗಿದ ಮೇಲೆ ಬಾಗಿಲ ಹತ್ತಿರವೇ ಇಡುತ್ತಾನೆ.

ಆಮೇಲೆ ಬಂದವು ಕೂದಲಿನ ಆನೆ, ಕೋರೆಹಲ್ಲಿನ ಹುಲಿ, ಕೂದಲಿನ ಖಡ್ಗಮೃಗ, ಮನುಷ್ಯರು. ಇವರನ್ನು ಎಲ್ಲಿಡುವುದು? ಟೇಪಿನ ತುದಿಗೆ ಒಂದು ಹಿತ್ತಾಳೆ ಪಟ್ಟಿ ಇರುತ್ತದೆ, ನೂಲು ಬಿಚ್ಚದಿರಲಿ ಅಂತ. ನನ್ನ ಟೇಪಿನದು ಒಂದೂವರೆ ಸೆಂಟಿಮೀಟರಿಗಿಂತ ತುಸು ಅಗಲ. ಭಾರತದಲ್ಲಿ ಸಿಕ್ಕ ತೀರಾ ಹಳೆಯ ಕಲ್ಲಿನ ಕೈಕೊಡಲಿಗಳು, ಅಂದರೆ ಆಗಿನ ಮನುಷ್ಯರು ಮುಷ್ಟಿಯಲ್ಲಿ ಹಿಡಿಯುತ್ತಿದ್ದ ಕಲ್ಲಿನ ಆಯುಧಗಳು, ಚೆನ್ನೈ ಹತ್ತಿರದ ಅತ್ತಿರಂಪಾಕ್ಕಂನವು, 15 ಲಕ್ಷ ವರ್ಷದವು. ನಮಗೆ ಹತ್ತಿರದ ಯಾದಗಿರಿ ಜಿಲ್ಲೆಯ ಇಸಾಂಪುರದವು ಸುಮಾರು 12 ಲಕ್ಷ ವರ್ಷದವು. ಎರಡೂ ಆ ಹಿತ್ತಾಳೆ ಪಟ್ಟಿಯೊಳಗೇ ಮುಗಿಯುತ್ತವೆ. ನಮ್ಮ ಥರದ ಮನುಷ್ಯರು ಹುಟ್ಟಿ ಸುಮಾರು ಮೂರು ಲಕ್ಷ ವರ್ಷ, ಅಂದರೆ ಮೂರು ಮಿಲಿಮೀಟರ್. ಕೋರೆಹಲ್ಲಿನ ಹುಲಿ ಅಮೆರಿಕದಲ್ಲಿ ಅಳಿದದ್ದು ಹತ್ತು ಸಾವಿರ ವರ್ಷದ ಹಿಂದೆ. ಅದು ಟೇಪಿನಲ್ಲಿ ಹೊಲಿಗೆ ದಾರದ ದಪ್ಪವೂ ಇಲ್ಲ. ಕೂದಲಿನ ಆನೆಗಳೂ ಹೆಚ್ಚುಕಮ್ಮಿ ಆಗಲೇ ಹೋದವು, ಆದರೆ ಸೈಬೀರಿಯದ ಆಚೆ ರಾಂಗೆಲ್ ಅನ್ನುವ ನಡುಗಡ್ಡೆಯಲ್ಲಿ ಒಂದಷ್ಟು 4,000 ವರ್ಷದ ಹಿಂದಿನ ತನಕ ಉಳಿದಿದ್ದವು. ಆ ಹೊತ್ತಿಗೆ ನಮ್ಮ ಸೀಮೆಯಲ್ಲಿ ಜನ ದನ ಸಾಕಿಕೊಂಡು, ಕಲ್ಲಿನ ಕೊಡಲಿಯನ್ನು ಉಜ್ಜಿ ನುಣುಪು ಮಾಡುತ್ತಿದ್ದರು. ತೇರದಾಳದಲ್ಲಿ ಆ ಕಾಲದ ನೆಲೆ ಸಿಕ್ಕಿದೆ. ಇದು ನನಗೆ ತುಂಬಾ ಹಿಡಿಸಿದ ಸಂಗತಿ. ತೇರದಾಳದವರೂ ಆ ಕೊನೆಯ ಆನೆಗಳೂ ಒಂದೇ ಸೂರ್ಯನ ಕೆಳಗೆ ಇದ್ದರು.

“ನಮ್ಮೂರಾಗ ಡೈನೋಸಾರ್ ಇತ್ತೇನವ್ವಾ?” ಅಂತ ಮಗ ಕೇಳಿದ. ಸೆಟ್ಟಿನ ಜೊತೆ ಬಂದ ಚೀಟಿಯಲ್ಲಿ ಭಾರತದ ಹೆಸರೇ ಇಲ್ಲ. ಅವನ ಚಿಗವ್ವ ಫೋನಿನಲ್ಲೇ ಚೆನ್ನಾಗಿ ಹೇಳಿದಳು. ಬಾದಾಮಿ, ಗುಳೇದಗುಡ್ಡದ ಕೆಂಪು ಕಲ್ಲಿನಲ್ಲಿ ಡೈನೋಸಾರ್ ಹುಡುಕಿದರೆ ಸಿಗುವುದಿಲ್ಲ. ಆ ಕಲ್ಲು ಆಗುವಾಗ ಎಲುಬಿರುವ ಪ್ರಾಣಿಯೇ ಭೂಮಿ ಮೇಲೆ ಇರಲಿಲ್ಲ, ಅಷ್ಟು ಹಳೆಯ ಕಲ್ಲು. ವಿಜಯಪುರ, ಬೆಳಗಾವಿ ಕಡೆಯ ಕಪ್ಪು ಕಲ್ಲು ಬೇರೆ. ಅದು ನೆಲದೊಳಗಿಂದ ಉಕ್ಕಿ ಹರಿದ ಲಾವಾ. ಉಕ್ಕಿದ್ದು 6.6 ಕೋಟಿ ವರ್ಷದ ಆಸುಪಾಸಿನಲ್ಲಿ, ಡೈನೋಸಾರ್‌ಗಳ ಕೊನೆಗಾಲದಲ್ಲಿ. ಈಗಿನ ಮೆಕ್ಸಿಕೋದ ಅಂಚಿಗೆ ಆಕಾಶದಿಂದ ದೊಡ್ಡ ಬಂಡೆ ಬಂದು ಬಡಿದದ್ದೂ ಅದೇ ಕಾಲಕ್ಕೆ. ಆ ಕಪ್ಪು ಕಲ್ಲು ಸವೆದು ಸವೆದು ಎರಿ ಮಣ್ಣಾಯಿತು. ಮುಂದಿನ ವಾರ ತಂಗಿ ಬರುವಾಗ ಒಂದು ಮುಷ್ಟಿ ಎರಿ ಮಣ್ಣು ಕಟ್ಟಿಕೊಂಡು ಬಂದಳು. ಅದನ್ನು 66ರ ಗೆರೆಗೆ ಸುರಿದೆವು, ಟಿ ರೆಕ್ಸಿನ ಕಾಲ ಹತ್ತಿರ. ಇನ್ನು ಡೈನೋಸಾರೇ ಬೇಕು ಅಂದರೆ ಗುಜರಾತಿನಲ್ಲಿ ಸಿಕ್ಕ ರಾಜಾಸಾರಸ್ ಇದೆ, 2003ರಲ್ಲಿ ಹೆಸರಿಟ್ಟದ್ದು. ನರ್ಮದೆಯ ಸೀಮೆಯದು. ಅಂಥದೊಂದನ್ನು ಸೆಟ್ಟಿನಲ್ಲಿ ಇಟ್ಟಿದ್ದರೆ ಎಷ್ಟು ಚಂದ ಇರುತ್ತಿತ್ತು.

ಈಗ ಅಪ್ಪ ಹಿಡಿದ ತಪ್ಪಿಗೆ ಬರುತ್ತೇನೆ. ಆದಿಮಾನವನ ಗೊಂಬೆ ಬೆರಳುದ್ದ ಇದೆ. ಹುಬ್ಬು ದಪ್ಪ, ಒಂದು ಹೆಗಲ ಮೇಲೆ ಚಿರತೆ ಚರ್ಮ, ಕೈಯಲ್ಲಿ ಕೊಡಲಿ. ಮರದ ಕಾವಿಗೆ ಕಲ್ಲು ಕಟ್ಟಿದ ಕೊಡಲಿ. ಮಗ ಅದನ್ನು ಅಜ್ಜನ ಕೈಗೆ ಕೊಟ್ಟು, “ಅಜ್ಜಾ, ಇವಾನೂ ನಿನ್ನಂಗ ಕಲ್ಲಿನ ಕೆಲಸದಾವೇನು?” ಅಂದ. ಅಪ್ಪ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ತಿರುಗಿಸಿ ನೋಡಿದರು.

“ಕಲ್ಲಿಗೆ ಧಾರೇನ ಇಲ್ಲವ್ವಾ. ಹೊಳ್ಯಾಗಿನ ಗುಂಡ ತಂದು ಕಾವಿಗೆ ಕಟ್ಟ್ಯಾರ. ಇದರಿಂದ ಏನ ಕಡೀತಾನ?”

ಅಷ್ಟೇ ಹೇಳಿದ್ದು. ಆದರೆ ನನಗೆ ಅದು ಕೊರೆಯತೊಡಗಿತು. ನಿಜವಾದದ್ದು ಹೇಗಿತ್ತು ಅಂತ ನೋಡೋಣ ಅಂತ ಒಂದು ಭಾನುವಾರ ಮೂವರೂ ಬಾದಾಮಿಗೆ ಹೋದೆವು. ಅಗಸ್ತ್ಯ ತೀರ್ಥದ ದಂಡೆ ಹಿಡಿದು, ಉತ್ತರದ ಕೋಟೆಯ ಬುಡದಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಇದೆ. ಶುಕ್ರವಾರ ರಜೆ, ನೆನಪಿರಲಿ. ಅಲ್ಲಿಗೆ ಹೋಗುವವರೆಲ್ಲ ಚಾಲುಕ್ಯರ ಮೂರ್ತಿಗಳನ್ನು, ಲಜ್ಜಾಗೌರಿಯನ್ನು ನೋಡಲು ಹೋಗುತ್ತಾರೆ. ನಾವು ಮಾತ್ರ ಕಲ್ಲಿನ ಉಪಕರಣ ಎಲ್ಲಿವೆ ಅಂತ ಕೇಳಿಕೊಂಡು ಹೋದೆವು. ಗಾಜಿನ ಹಿಂದೆ ಸಾಲಾಗಿ ಇಟ್ಟಿದ್ದಾರೆ. ಸುಮ್ನೆ ನೋಡಿದರೆ ಕಲ್ಲಿನ ಚೂರುಗಳು. ಜನ ಒಂದು ನಿಮಿಷವೂ ನಿಲ್ಲುವುದಿಲ್ಲ.

ಅಪ್ಪ ನಿಂತರು. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಬಾದಾಮಿಕಾಯಿ ಆಕಾರದ ಒಂದು ಕೈಕೊಡಲಿ, ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು. ಅಪ್ಪನ ಬಲಗೈ ತಾನಾಗಿಯೇ ಏಳುತ್ತಿತ್ತು, ಗಾಳಿಯಲ್ಲೇ ಏಟು ಹಾಕಿದ ಹಾಗೆ. ಆಮೇಲೆ ಮೊಮ್ಮಗನನ್ನು ಎತ್ತಿಕೊಂಡು ತೋರಿಸಿದರು. ಈ ಅಂಚಿನಲ್ಲಿ ಒಂದು ಏಟು, ಕಲ್ಲು ಹೊರಳಿಸಿ ಅದರ ಹಿಂದೆ ಇನ್ನೊಂದು ಏಟು, ಮತ್ತೆ ಹೊರಳಿಸಿ ಮತ್ತೊಂದು. ಒಂದೊಂದು ಏಟಿಗೂ ಒಂದೊಂದು ಚಕ್ಕೆ ಎದ್ದು ಹೋಗಿದೆ. ಚಕ್ಕೆ ಹೋದ ಜಾಗ ಚಿಪ್ಪಿನ ಒಳಮೈ ಥರ ತಗ್ಗಾಗಿ ಉಳಿದಿದೆ. ಎರಡು ತಗ್ಗು ಕೂಡುವ ಗೆರೆಯೇ ಧಾರ. ಚೂಪಾದ ತುದಿಯ ಕಡೆ ಚಕ್ಕೆಗಳು ಸಣ್ಣ ಸಣ್ಣವು, ಅಲ್ಲಿ ಕೈ ಹಗುರ ಮಾಡಿದ್ದಾನೆ. ಬುಡದಲ್ಲಿ ಹೊಳೆಗಲ್ಲಿನ ನುಣುಪು ಮೈ ಹಾಗೇ ಬಿಟ್ಟಿದ್ದಾನೆ.

“ಯಾಕ ಬಿಟ್ಟಾನ ಹೇಳು ನೋಡೂಣು” ಅಂದರು. ಮಗನಿಗೆ ಗೊತ್ತಾಗಲಿಲ್ಲ.

“ಅದು ಅಂಗೈ ಕೂಡೂ ಜಾಗಾ. ಇದಕ್ಕ ಕಾವು ಇಲ್ಲ. ಮುಷ್ಟ್ಯಾಗ ಹಿಡಿಯೂದು. ಅಲ್ಲೀನೂ ಹೊಡದಿದ್ರ ಅವನ ಕೈನ ಕೊಯ್ತಿತ್ತು.”

ಐವತ್ತು ವರ್ಷ ಕಲ್ಲು ಹೊಡೆದ ಕೈ ಆ ಹಳೆಯ ಕೈಯನ್ನು ಹೀಗೆ ಗುರುತು ಹಿಡಿಯಿತು. ನಾನು ಪಕ್ಕದಲ್ಲಿ ನಿಂತಿದ್ದೆ, ಕಣ್ಣು ತುಂಬಿ ಬಂತು. ಆ ಕಲ್ಲಿನ ಜಾತಿಯನ್ನೂ ಅಪ್ಪನೇ ಹೇಳಿದರು, ಬೆಣಚುಕಲ್ಲಿನ ಪೈಕಿ, ಗಡಸು. ಪುಸ್ತಕದವರು ಕ್ವಾರ್ಟ್ಜೈಟ್ ಅನ್ನುತ್ತಾರೆ. ನಮ್ಮ ಮಲಪ್ರಭಾ, ಘಟಪ್ರಭಾ ದಂಡೆಗಳಲ್ಲಿ ಈ ಕಲ್ಲಿನ ಆಯುಧಗಳು ಬೇಕಾದಷ್ಟು ಸಿಕ್ಕಿವೆ. ಬಾದಾಮಿ ತಾಲ್ಲೂಕಿನ ಖ್ಯಾಡ, ಲಖಮಾಪುರ, ಘಟಪ್ರಭೆಯ ದಂಡೆಯ ಅನಗವಾಡಿ, ಇವೆಲ್ಲ ಪುರಾತತ್ವದವರಿಗೆ ದೊಡ್ಡ ಹೆಸರುಗಳು. 1950ರ ದಶಕದಲ್ಲೇ ಆರ್.ವಿ. ಜೋಶಿ ಮಲಪ್ರಭೆಯ ದಂಡೆ ಅಲೆದು ಇವುಗಳ ಬಗ್ಗೆ ಬರೆದಿದ್ದಾರೆ. ಅನಗವಾಡಿ ಮೇಲೆ ಎಷ್ಟು ಸಲ ಬಸ್ಸಲ್ಲಿ ಹೋಗಿದ್ದೇನೆ. ಒಂದು ಸಲವೂ ಯಾರೂ ಹೇಳಿರಲಿಲ್ಲ.

ಇಲ್ಲೇ ಸೆಟ್ಟಿನ ತಪ್ಪು ಸ್ಪಷ್ಟವಾಯಿತು. ಗೊಂಬೆಯ ಮುಖ ತೀರಾ ಹಳೆಯ ಮನುಷ್ಯನದು. ಅವನು ಹಿಡಿಯಬೇಕಾದದ್ದು ಮುಷ್ಟಿಯ ಕಲ್ಲು. ಕಾವು ಹಾಕಿದ, ಉಜ್ಜಿ ನುಣುಪು ಮಾಡಿದ ಕೊಡಲಿ ನಮ್ಮ ಸೀಮೆಗೆ ಬಂದದ್ದು ಎಷ್ಟೋ ಆಮೇಲೆ, ದನ ಸಾಕಿ ಊರು ಕಟ್ಟಿದ ಜನರ ಕಾಲಕ್ಕೆ, ಒಂದು ನಾಲ್ಕೈದು ಸಾವಿರ ವರ್ಷದ ಹಿಂದೆ. ಪ್ರಾಣಿಯ ಅಚ್ಚು ಮಾಡುವಾಗ ಕಿವಿಯ ಅಳತೆ ನೋಡಿದವರು ಮನುಷ್ಯನ ಕೈಯಲ್ಲಿ ಏನಿತ್ತು ಅಂತ ನೋಡಲಿಲ್ಲ. ಆದಿಮಾನವ ಅಂದರೆ ದಡ್ಡ, ಗುಂಡುಕಲ್ಲು ಕಟ್ಟಿಕೊಂಡು ಬಡಿದಾಡುವವನು ಅನ್ನುವ ಎಣಿಕೆ ಅದರಲ್ಲಿದೆ. ನನಗೆ ಇದು ಒಪ್ಪಿಗೆಯಿಲ್ಲ. ಎರಡೂ ಮಗ್ಗಲು ಸಮ ಬರುವ ಹಾಗೆ ಕಲ್ಲು ಹೊಡೆಯಬೇಕಾದರೆ ಹೊಡೆಯುವ ಮುಂಚೆಯೇ ಆಕಾರ ತಲೆಯಲ್ಲಿರಬೇಕು. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಕುಪ್ಪಸ ನನ್ನ ಕಣ್ಣ ಮುಂದೆ ಇರುವುದಿಲ್ಲವೇ, ಹಾಗೆ.

ಅದೇ ವಸ್ತುಸಂಗ್ರಹಾಲಯದಲ್ಲಿ ಸಿಡಿಲಫಡಿಯ ಮಾದರಿಯನ್ನೂ ಮಾಡಿಟ್ಟಿದ್ದಾರೆ, ಗೋಡೆಯ ಬಣ್ಣದ ಚಿತ್ರಗಳ ಸಮೇತ. ಸಿಡಿಲಫಡಿ ಬಾದಾಮಿ ಗುಡ್ಡಗಳ ನಡುವಿನ ದೊಡ್ಡ ಕಲ್ಲಾಸರೆ. ಸಿಡಿಲು ಬಡಿದು ಬಂಡೆಗೆ ತೂತಾಯಿತು ಅಂತ ಜನ ಹೇಳುತ್ತಾರೆ. ಅಪ್ಪ ಪ್ರಾಯದಲ್ಲಿ ಅಲ್ಲಿಗೆ ನಡೆದು ಹೋಗಿದ್ದರಂತೆ, ಈಗ ಮಂಡಿ ಬಿಡುವುದಿಲ್ಲ. ಹಾಗಾಗಿ ಮಾದರಿ ನೋಡಿಯೇ ತೃಪ್ತಿಪಟ್ಟೆವು. ಮಗ ಜೇಬಿನಿಂದ ಆನೆ ತೆಗೆದು ಅದರ ಎದುರು ಹಿಡಿದು ನಿಂತಿದ್ದ. ಒಂದು ಮಾತು: ಬಾದಾಮಿಗೆ ಆಟಿಕೆ ಒಯ್ಯುವುದಾದರೆ ಚೀಲದ ಒಳಗೆ ಇಡಿ. ಹೊರಗೆ ಬಂದ ಕೂಡಲೇ ಮಂಗವೊಂದು ಅವನ ಕೈಯಿಂದ ಆನೆ ಕಿತ್ತುಕೊಂಡು ಕಟ್ಟೆ ಏರಿತ್ತು. ಕಚ್ಚಿ ನೋಡಿ ಬಿಸಾಡಿತು. ದಂತದ ಮೇಲೆ ಹಲ್ಲಿನ ಗುರುತು ಈಗಲೂ ಇದೆ.

ಮನೆಗೆ ಬಂದ ಮೇಲೆ ಅಪ್ಪ ಹಿತ್ತಲಲ್ಲಿ ಬಿದ್ದಿದ್ದ ಒಂದು ಬೆಣಚುಕಲ್ಲು ತಗೊಂಡರು. ನಮ್ಮನ್ನೆಲ್ಲ ದೂರ ಕೂರಿಸಿ, ಕನ್ನಡಕ ಹಾಕಿಕೊಂಡು, ತೊಡೆಗೆ ಗೋಣಿತಾಟು ಹಾಸಿ, ಇನ್ನೊಂದು ಗುಂಡುಕಲ್ಲಿನಿಂದ ಅಂಚಿಗೆ ಹೊಡೆದರು. ಚಾಣ ಇಲ್ಲ, ಸುತ್ತಿಗೆ ಇಲ್ಲ. ಮೂರು ಸಲ ಕಲ್ಲು ಪುಡಿಯಾಯಿತು ಅಷ್ಟೇ. ನಾಲ್ಕನೇ ಸಲ ‘ಟಣ್’ ಅಂತ ಬೇರೆ ಸಪ್ಪಳ ಬಂತು, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಚಕ್ಕೆ ಎದ್ದಿತು. ಅದರಿಂದ ಊಟಕ್ಕಿದ್ದ ಉಳ್ಳಾಗಡ್ಡಿ ಕೊಯ್ದೆ. ಈಳಿಗೆಯಲ್ಲಿ ಕೊಯ್ದಷ್ಟೇ ಸಲೀಸಾಗಿ ಹೋಯಿತು, ಪದರ ಪದರ ಬಿಚ್ಚಿತು. ಮಗ ಆ ರಾತ್ರಿ ರೊಟ್ಟಿ ಜೊತೆ ಒಂದು ಇಡೀ ಉಳ್ಳಾಗಡ್ಡಿ ತಿಂದ. ಇದನ್ನು ಮಕ್ಕಳ ಕೈಗೆ ಕೊಡಬೇಡಿ, ಚಕ್ಕೆ ಕಣ್ಣಿಗೆ ಹಾರುತ್ತದೆ. ಇನ್ನೊಂದು, ಹೊಳೆ ದಂಡೆಯಲ್ಲೋ ಹೊಲದಲ್ಲೋ ಹಳೆಯ ಆಯುಧದ ಥರ ಕಂಡರೆ ಎತ್ತಿಕೊಂಡು ಬರಬೇಡಿ. ಅದು ಎಲ್ಲಿ ಬಿದ್ದಿತ್ತು ಅನ್ನುವುದರಿಂದಲೇ ಅದರ ವಯಸ್ಸು, ಕಥೆ ಗೊತ್ತಾಗುವುದು. ಜಾಗ ತಪ್ಪಿದರೆ ಬರೀ ಕಲ್ಲು.

ಕೂದಲಿನ ಖಡ್ಗಮೃಗದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಸೆಟ್ಟಿನಲ್ಲಿ ಇರುವುದು ಉತ್ತರದ ಚಳಿ ಸೀಮೆಯದು. ಆದರೆ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಖಡ್ಗಮೃಗ ಇತ್ತು! ಗೋಕಾಕ ಸೀಮೆಯಲ್ಲಿ ಅದರ ಎಲುಬು, ಹಲ್ಲು ಸಿಕ್ಕಿವೆ. ರಾಬರ್ಟ್ ಬ್ರೂಸ್ ಫೂಟ್ ಅನ್ನುವ ಭೂವಿಜ್ಞಾನಿ 1874ರಲ್ಲಿ ಅದನ್ನು ವಿವರಿಸಿ ‘ರೈನೋಸೆರಸ್ ಡೆಕ್ಕನೆನ್ಸಿಸ್’ ಅಂತ ಹೆಸರಿಟ್ಟರು, ಅಂದರೆ ದಖ್ಖನದ ಖಡ್ಗಮೃಗ. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಕಲ್ಲಿನ ಕೊಡಲಿ ಗುರುತಿಸಿ, ಈ ದೇಶದಲ್ಲೂ ಹಳೆ ಶಿಲಾಯುಗದ ಜನ ಇದ್ದರು ಅಂತ ತೋರಿಸಿಕೊಟ್ಟವರೂ ಅವರೇ. ಗೋಕಾಕ ಅಂದರೆ ಜಲಪಾತ, ಕರದಂಟು ಅಷ್ಟೇ ನನಗೆ ಗೊತ್ತಿತ್ತು. ಹಾಗೇ ಉಷ್ಟ್ರಪಕ್ಷಿಯೂ ಭಾರತದಲ್ಲಿತ್ತು. ಮಹಾರಾಷ್ಟ್ರದ ಪಾಟ್ಣೆಯಲ್ಲಿ ಅದರ ಮೊಟ್ಟೆಯ ಚಿಪ್ಪು ಸಿಕ್ಕಿದೆ, ಮನುಷ್ಯರು ಅದರಿಂದ ಮಣಿಯನ್ನೂ ಮಾಡಿದ್ದಾರೆ. ಖಡ್ಗಮೃಗ, ಉಷ್ಟ್ರಪಕ್ಷಿ, ಕಾಡುದನ, ಆನೆ, ಮುಷ್ಟಿಯಲ್ಲಿ ಕಲ್ಲು ಹಿಡಿದ ಮನುಷ್ಯ: ಹೀಗೊಂದು ದಖ್ಖನದ ಸೆಟ್ ಯಾರಾದರೂ ಮಾಡಲಿ. ಚನ್ನಪಟ್ಟಣದ ಮರದಲ್ಲೋ ಕಿನ್ನಾಳದ ಬಣ್ಣದಲ್ಲೋ ಮಾಡಿದರೆ ನಾನು 280 ಅಲ್ಲ, 1,000 ಕೊಟ್ಟಾದರೂ ತಗೊಳ್ಳುತ್ತೇನೆ.

ಇನ್ನು ನನ್ನದೇ ಒಂದು ದೂರು. ಇಬ್ಬರೂ ಆದಿಮಾನವರು ಗಂಡಸರು. ಹೆಂಗಸಿಲ್ಲ, ಮಗುವಿಲ್ಲ, ಮುದುಕರಿಲ್ಲ. ಹಾಗಾದರೆ ಗೆಡ್ಡೆ ಅಗೆದವರು ಯಾರು, ಚರ್ಮ ಹೆರೆದವರು ಯಾರು, ಕೂಸನ್ನು ಎತ್ತಿಕೊಂಡು ಹೊಳೆ ದಾಟಿದವರು ಯಾರು? ಚರ್ಮ ಹೆರೆಯಲು ಅಂತಲೇ ಕಲ್ಲಿನ ಬೇರೆ ಉಪಕರಣಗಳಿವೆ, ಅವೂ ಗಾಜಿನ ಹಿಂದೆ ಇದ್ದವು. ಅದನ್ನು ಹಿಡಿದ ಕೈ ಹೆಂಗಸಿನದೂ ಆಗಿರಬಹುದು. ಚರ್ಮ ಹೆರೆದು, ತೂತು ಹಾಕಿ, ಹೊಲಿದವರು ನನ್ನ ಕೆಲಸದವರೇ ಅಲ್ವಾ. ಅವರನ್ನು ಡಬ್ಬಿಯಿಂದ ಬಿಟ್ಟದ್ದು ನನಗೆ ನಿಜವಾಗಿಯೂ ಬೇಸರ ತಂದಿತು.

ತಗೊಳ್ಳಬಹುದಾ ಅಂದರೆ, ಐಎಸ್ಐ ಗುರುತು ಇದ್ದದ್ದು ಸಿಕ್ಕರೆ ತಗೊಳ್ಳಿ, ಐದು ವರ್ಷ ದಾಟಿದ ಮಕ್ಕಳಿಗೆ. ಪ್ರಾಣಿಗಳಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಬಣ್ಣಕ್ಕೆ ಎರಡು, ಮನುಷ್ಯರಿಗೆ ಒಂದು. ಡಬ್ಬಿಯನ್ನು ಮಗುವಿಗೆ ತೋರಿಸುವ ಮುಂಚೆಯೇ ಹರಿದು ಒಲೆಗೆ ಹಾಕಿ. ಪ್ಲಾಸ್ಟಿಕ್ ಹಾಳೆ ಮೊದಲು ತೆಗೆಯಿರಿ, ಅದನ್ನು ಸುಡಬಾರದು. ಟೇಪು ಹಾಸಿ ಆಡಿಸಿ. ಹೊಲಿಗೆಯವರ ಟೇಪು 20 ರೂಪಾಯಿಗೆ ಎಲ್ಲ ಕಡೆ ಸಿಗುತ್ತದೆ, ಎರಡು ತಗೊಳ್ಳಿ, ಡೈಮೆಟ್ರೊಡಾನಿಗೆ ಬೇಕಾಗುತ್ತದೆ.

ನಮ್ಮ ಮನೆಯ ಸೆಟ್ ಈಗ ಡಬ್ಬಿಯಲ್ಲಿಲ್ಲ, ನನ್ನ ಹಳೆಯ ಗುಂಡಿ ಡಬ್ಬದಲ್ಲಿದೆ. ಕೊಡಲಿಯ ಕಾವನ್ನು ಅಪ್ಪ ಕತ್ತರಿಸಿ ತೆಗೆದರು. ಖಡ್ಗಮೃಗದ ಕಂದು ಕೂದಲಿನ ಬಣ್ಣವನ್ನು ಮಗ ಬಿಸಿ ನೀರು ಹಾಕಿ ಉಜ್ಜಿ ಉಜ್ಜಿ ತೆಗೆದ, ಅದು ಈಗ ಗೋಕಾಕದ್ದು. ಖಣದ ಚೂರು, ಹತ್ತಿ ಸೇರಿಸಿ ನಾನೊಬ್ಬ ಹೆಂಗಸನ್ನು ಹೊಲಿದೆ, ಬೆನ್ನಿಗೆ ಒಂದು ಕೂಸು ಕಟ್ಟಿದೆ. ಅಪ್ಪ ಎಬ್ಬಿಸಿದ ಬೆಣಚುಕಲ್ಲಿನ ಇನ್ನೊಂದು ಸಣ್ಣ ಚಕ್ಕೆ ಇತ್ತು, ಅದರ ಧಾರ ಉಜ್ಜಿ ಮೊಂಡು ಮಾಡಿಕೊಟ್ಟರು. ಎಲ್ಲಿಡಬೇಕು ಅಂತ ಮಗನಿಗೆ ಯಾರೂ ಹೇಳಲಿಲ್ಲ. ಅವಳ ಬಲಗೈ ಹತ್ತಿರ ಹಿಡಿದು, “ಇಲ್ಲೆ ಹೊಲಿಯವ್ವಾ” ಅಂದ. ಎರಡು ಹೊಲಿಗೆ ಹಾಕಿ ಕೂರಿಸಿದೆ.